ಅತ್ತೆಗೊಂದು ಬಚ್ಚಲುಮನೆ

ಮನೆ ರಿಪೇರಿಗೆ ಕೈ ಹಾಕಿದವರಿಗೆ ಒಂದಲ್ಲ ಒಂದು ಆಗುತ್ತಲೇ ಇರುತ್ತದೆ. ಆಗುವಾಗ ಮಾತ್ರ ಯಾರಿಗೂ ನಗು ಬರುವುದಿಲ್ಲ. ನಮ್ಮ ಸ್ಟಾಫ್ ರೂಮಿನಲ್ಲಿ ನಾನು ಈ ಬಚ್ಚಲಿನ ಕಥೆಗಳನ್ನು ಹೇಳಿದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನೂ ಈಗ ನಗುತ್ತೇನೆ. ಆಗ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ನಾನು ಕಾರವಾರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ, ಹಾಗಾಗಿ ಊರಿಗೆಲ್ಲ ಅಕ್ಕೋರು. ಮನೆ ಕಾಳಿ ನದಿಯ ಆಚೆ, ಚಿತ್ತಾಕುಲದಲ್ಲಿ. ಮನೆಯಲ್ಲಿ ಇರುವುದು ನಾನು, ನಮ್ಮವರು ಮತ್ತು ಅತ್ತೆ. ನಮ್ಮವರಿಗೆ ಅಂಕೋಲೆಯಲ್ಲಿ ಕಚೇರಿ ಕೆಲಸ. ಆರಡಿ ಎತ್ತರದ ಆಳು, ಆದರೆ ಯಾರ ಮೇಲೂ ದನಿ ಎತ್ತಲಾರರು. ಬಸ್ಸಿನಲ್ಲಿ ಯಾರಾದರೂ ಇವರ ಕಾಲು ತುಳಿದರೆ ಇವರೇ ಸಾರಿ ಅನ್ನುತ್ತಾರೆ. ಅತ್ತೆ ನನ್ನ ಭುಜದಷ್ಟು ಎತ್ತರ, ಕಡಿಮೆ ಮಾತು. ಆಡಿದ ಮಾತನ್ನು ಮಾತ್ರ ಯಾರೂ ಮರೆಯುವುದಿಲ್ಲ.

ಹೋದ ಮಳೆಗಾಲದಲ್ಲಿ ಅತ್ತೆ ಹಿತ್ತಿಲ ಬಚ್ಚಲಿಗೆ ಹೋಗುವಾಗ ಮೆಟ್ಟಿಲ ಪಾಚಿಗೆ ಕಾಲು ಜಾರಿ ಬಿದ್ದರು. ಸೊಂಟದ ಎಲುಬು ಮುರಿಯಿತು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಗಿ, ಅಲ್ಲೇ ನಾದಿನಿಯ ಮನೆಯಲ್ಲಿ ಉಳಿದುಕೊಂಡರು. ಡಾಕ್ಟರು ನಮ್ಮಿಬ್ಬರನ್ನೂ ಹೊರಗೆ ಕರೆದು, "ಇನ್ನೊಮ್ಮೆ ಬಿದ್ದರೆ ಮತ್ತೆ ಎದ್ದು ಓಡಾಡ್ತಾರೆ ಅಂತ ನಾನು ಹೇಳಲಾರೆ. ಅವರು ಮಲಗುವ ಕೋಣೆಗೇ ತಾಗಿಸಿ ಬಚ್ಚಲು ಮಾಡಿಸಿ. ಮೆಟ್ಟಿಲು ಬೇಡ, ಜಾರುವ ನೆಲ ಬೇಡ, ಗೋಡೆಗೆ ಹಿಡಿಕೆ ಬೇಕು," ಎಂದರು.

ಅತ್ತೆಗೆ ಮಗಳ ಮನೆಯಲ್ಲಿ ಹೆಚ್ಚು ದಿನ ಇರುವುದು ಸರಿಬರದು. ದಿನಾ ಸಂಜೆ ಫೋನು. "ಬಚ್ಚಲು ಆಯ್ತಾ?" ಅಷ್ಟೇ ಪ್ರಶ್ನೆ.

ನಮ್ಮವರ ದೊಡ್ಡಪ್ಪನ ಮಗ ಅಗಸೂರಿನಲ್ಲಿದ್ದಾರೆ. ನನಗೆ ಭಾವ ಆಗಬೇಕು. ಅವರು ಒಬ್ಬ ಕಾಂಟ್ರಾಕ್ಟರರ ಹೆಸರು ಹೇಳಿದರು. "ನಮ್ಮ ಮನೆ ಮಾಳಿಗೆ ಅವ್ರೇ ಮಾಡಿದ್ದು. ಬೇರೆ ಯಾರನ್ನೂ ನೋಡೂಕೆ ಹೋಗ್ಬೇಡಿ, ಇವ್ರನ್ನೇ ಹಿಡೀರಿ," ಎಂದು ಎರಡೆರಡು ಸಲ ಒತ್ತಿ ಹೇಳಿದರು. ಹಿಡಿದೆವು.

೧. ಫೋಟೋ

ಕಾಂಟ್ರಾಕ್ಟರರು ಅಂಕೋಲೆಯವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಫೋನು. ಗೋಡೆ ಎದ್ದು ಸ್ಲ್ಯಾಬ್ ಹಾಕಿದ ಮೇಲೆ ಅವರು ಬರುವುದೂ ಕಡಿಮೆಯಾಯಿತು, ಗೋಡೆ ಕಟ್ಟುವ ಗವಂಡಿ ಬರುವುದೂ ಕಡಿಮೆಯಾಯಿತು. ಕಲ್ಲು ಸಿಮೆಂಟು ನೋಡಿಕೊಂಡು ನಾವಿಬ್ಬರೇ ಇದ್ದೆವು. ನಾನು ಫೋನ್ ಮಾಡಿ ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ.

"ಅಕ್ಕೋರೆ, ಕಾಳಜಿ ಮಾಡ್ಬೇಡಿ. ಮಧ್ಯಾಹ್ನದೊಳಗೆ ಫೋಟೋ ಕಳಿಸ್ತೆ."

ನಾನು ಪಾಠ ಮುಗಿಸಿ ಬರುವಷ್ಟರಲ್ಲಿ ವಾಟ್ಸಾಪಿನಲ್ಲಿ ಫೋಟೋ ಬಂದಿತ್ತು. ಆಹಾ, ನೀಲಿ ಟೈಲ್ಸು, ಹೊಳೆಯುವ ನಲ್ಲಿ, ಕನ್ನಡಿ. ನನಗೆ ಕಣ್ಣಲ್ಲಿ ನೀರೇ ಬಂತು. ಅದನ್ನು ನಮ್ಮವರಿಗೆ ಕಳಿಸಿದೆ. ಅವರು ಹುಬ್ಬಳ್ಳಿಗೆ ಕಳಿಸಿದರು. ಅತ್ತೆ ನಾದಿನಿಯ ಅಕ್ಕಪಕ್ಕದ ಮನೆಯವರಿಗೆಲ್ಲ ತೋರಿಸಿ, "ನನ್ನ ಮಗ ನನಗೆ ಮಾಡಿಸಿದ್ದು," ಎಂದರಂತೆ.

ಸಂಜೆ ಮನೆಗೆ ಓಡಿಬಂದು ಹೊಸ ಬಚ್ಚಲಿಗೆ ಹೋದೆ. ಗೋಡೆ ಬೆಳಿಗ್ಗೆ ಹೇಗಿತ್ತೋ ಹಾಗೇ ಇತ್ತು, ಬರೀ ಕೆಂಪು ಚಿರೆಕಲ್ಲು. ನೆಲದ ಮೇಲೆ ನೆರೆಮನೆಯ ನಾಯಿ ಮಲಗಿತ್ತು.

ಫೋನ್ ಮಾಡಿ ಕೇಳಿದೆ, "ಇದು ಯಾರ ಮನೆ ಬಚ್ಚಲು?"

"ಅದು ಸದಾಶಿವಗಡದ ಒಬ್ಬರ ಮನೇದು ಅಕ್ಕೋರೆ. ನಿಮ್ದು ಹೀಗೆ ಆಗ್ತದೆ ಅಂತ ತೋರ್ಸಿದೆ."

"ನಾನು ಕೇಳಿದ್ದು ನಮ್ಮ ಮನೆ ಫೋಟೋ."

"ನಿಮ್ಮನೇದು ನೀವು ದಿನಾ ನೋಡ್ತೀರಲ್ಲಾ," ಎಂದರು.

೨. ನೀರಿನ ದಾರಿ

ಅಂತೂ ಟೈಲ್ಸು ಹಾಕಿದರು. ನೀಲಿಯಲ್ಲ, ಅದು ಅಂಗಡಿಯಲ್ಲಿ ಮುಗಿದಿತ್ತಂತೆ. ಇರಲಿ, ಬಣ್ಣ ಯಾವುದಾದರೂ ನಡೆಯುತ್ತದೆ. ಜಾರದಿದ್ದರೆ ಸಾಕು.

ಒಣಗಿದ ಮೇಲೆ ನಮ್ಮವರು ಪರೀಕ್ಷೆಗೆಂದು ಒಂದು ಬಾಲ್ದಿ ನೀರು ಹೊಯ್ದರು. ಅದೇ ಹೊತ್ತಿಗೆ ಅತ್ತೆಯ ಫೋನು ಬಂತು. ಸ್ಪೀಕರಿಗೆ ಹಾಕಿದರು.

"ಬಚ್ಚಲು ಆಯ್ತಾ?"

"ಆಯ್ತು ಆಯಿ. ಟೈಲ್ಸೂ ಆಯ್ತು," ಎಂದರು ನಮ್ಮವರು.

ನಾನು ನೆಲ ನೋಡುತ್ತಿದ್ದೆ. ಮೂಲೆಯಲ್ಲಿ ನೀರು ಹೋಗುವ ಜಾಳಿಗೆ ಇತ್ತು. ನೀರು ಅದರ ಹತ್ತಿರ ಹೋಗಿ, ಅಲ್ಲಿಂದ ತಿರುಗಿ, ನಿಧಾನಕ್ಕೆ ಬಾಗಿಲ ಕಡೆ ಹೊರಟಿತು. ಹೊಸ್ತಿಲು ಇಡಿಸಿರಲಿಲ್ಲ, ಅತ್ತೆ ಎಡವಬಾರದಲ್ಲ. ನೀರು ಸೀದಾ ಅವರ ಕೋಣೆಗೆ ಇಳಿದು ಮಂಚದ ಕೆಳಗೆ ನಿಂತಿತು.

"ನೀರು ಸರಿ ಹೋಗ್ತದ್ಯಾ?" ಅತ್ತೆ ಕೇಳಿದರು.

ನಮ್ಮವರು ಪಾದದ ಸುತ್ತಲಿನ ನೀರು ನೋಡುತ್ತ, "ಹೋಗ್ತದೆ ಆಯಿ. ನಿಲ್ಲೂದೇ ಇಲ್ಲ," ಎಂದರು.

ಫೋನ್ ಇಟ್ಟ ಮೇಲೆ ನಾನು ಒರೆಸುವ ಬಟ್ಟೆ ತಂದೆ, ಅವರು ಹಾಸಿಗೆ ಎತ್ತಿದರು. ಒದ್ದೆ ನೆಲದ ಮೇಲೆ ಅತ್ತೆ ವಾಕರ್ ಊರಿದರೆ ಏನಾಗುತ್ತಿತ್ತು ಎಂದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಕಾಂಟ್ರಾಕ್ಟರರನ್ನು ಕರೆಸಿ ಮತ್ತೊಂದು ಬಾಲ್ದಿ ಹೊಯ್ದು ತೋರಿಸಿದೆವು. ನೀರು ಮತ್ತೆ ಮಂಚದ ಕಡೆಗೇ ಹೋಯಿತು. ಅವರು ಸೊಂಟದ ಮೇಲೆ ಕೈಯಿಟ್ಟು, ಬಹಳ ಹೊತ್ತು ಅದನ್ನೇ ನೋಡಿದರು.

"ಹೊಸಾ ನೆಲ ಅಲ್ವಾ ಅಕ್ಕೋರೆ," ಎಂದರು. "ನೀರಿಗೆ ಸ್ವಲ್ಪ ರೂಢಿ ಆಗ್ಬೇಕು."

೩. ಹಿಡಿಕೆ

ಆ ನೆಲವನ್ನು ಕೀಳಿಸಿ, ಇಳಿಜಾರು ಸರಿ ಮಾಡಿಸಿ, ಮತ್ತೆ ಟೈಲ್ಸು ಹಾಕಿಸಿದ್ದು ಬೇರೆಯೇ ಪುರಾಣ. ಕೀಳುವಾಗ ಒಳಗಿನ ಪೈಪಿಗೂ ಪೆಟ್ಟು ಬಿತ್ತು, ಅದನ್ನು ಸರಿಮಾಡುವಾಗ ಗೋಡೆಗೂ ಬಿತ್ತು. ನಮ್ಮವರು ಮಾತ್ರ ಒಂದು ದಿನವೂ ಸಿಟ್ಟಾಗಲಿಲ್ಲ. ಊಟ ಬಿಟ್ಟರು ಅಷ್ಟೇ.

ಕೊನೆಗೆ ಹಿಡಿಕೆ ಹಾಕಿದರು. ದಪ್ಪ ಸ್ಟೀಲಿನದು, ಕಮೋಡಿನ ಪಕ್ಕದ ಗೋಡೆಗೆ ಒಂದು, ನಲ್ಲಿಯ ಹತ್ತಿರ ಒಂದು. ನೋಡಲು ಬಹಳ ಚಂದ. ಡಾಕ್ಟರ ಮಾತಿನಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಅದೇ. ಹಾಗಾಗಿ ಶಾಲೆಯಿಂದ ಬಂದವಳೇ ಒದ್ದೆ ಬಟ್ಟೆ ತಗೊಂಡು ಅದರ ಮೇಲಿನ ಸಿಮೆಂಟು ಧೂಳು ಒರೆಸಲು ಹೋದೆ. ಮೆಲ್ಲಗೆ, ದೇವರ ದೀಪ ಒರೆಸುವ ಹಾಗೆ.

ಹಣೆಯ ಸ್ಟಿಕರ್ ಬೊಟ್ಟು ಕಿತ್ತು ಬಂದ ಹಾಗೆ ಇಡೀ ಹಿಡಿಕೆ ನನ್ನ ಕೈಗೆ ಬಂತು. ಸದ್ದೂ ಆಗಲಿಲ್ಲ. ತಿರುಗಿಸಿ ನೋಡಿದರೆ ಹಿಂದೆ ಒಂದು ಸ್ಕ್ರೂ ಇಲ್ಲ, ಬರೀ ಗಮ್ಮು.

ನಾನು ಕಮೋಡಿನ ಮೇಲೆ ಕೂತುಬಿಟ್ಟೆ. ಅತ್ತೆ ಏಳುವಾಗ ಇದನ್ನು ಹಿಡಿಯುತ್ತಾರೆ, ಮೈಭಾರ ಪೂರಾ ಇದರ ಮೇಲೆ ಹಾಕುತ್ತಾರೆ. ಆಮೇಲಿನದನ್ನು ಯೋಚಿಸಲು ಆಗಲಿಲ್ಲ. ಬಿದ್ದ ದಿನ ಅವರನ್ನು ಮಳೆಯಲ್ಲಿ ಎತ್ತಿ ತಂದವಳು ನಾನು. ನೋವಿಗೆ ಅವರು ಅಳಲೂ ಇಲ್ಲ, ನನ್ನ ಸೆರಗನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದರು.

ಕಾಂಟ್ರಾಕ್ಟರರು ಬಂದಾಗ ನಾನು ಆ ಹಿಡಿಕೆಯನ್ನು ಕೈಯಲ್ಲೇ ಹಿಡಿದುಕೊಂಡಿದ್ದೆ. ಅವರು ಸ್ವಲ್ಪ ದೂರವೇ ನಿಂತರು.

"ಇದನ್ನು ಗಮ್ಮಿನಲ್ಲಿ ಅಂಟಿಸಿದ್ದೀರಿ," ಎಂದೆ.

"ಟೈಲ್ಸಿಗೆ ತೂತು ಹೊಡೆದ್ರೆ ಬಿರಿತದೆ ಅಕ್ಕೋರೆ. ಚಂದ ಹಾಳಾಗ್ತದೆ."

"ನಮ್ಮತ್ತೆ ಇದನ್ನು ಹಿಡಿದುಕೊಂಡು ಏಳಬೇಕು."

ಅವರು ನನಗೆ ಏನೋ ತಪ್ಪು ತಿಳಿವಳಿಕೆಯಾಗಿದೆ ಎಂಬಂತೆ ತಲೆಯಾಡಿಸಿ, ಸಮಾಧಾನದಿಂದ ಹೇಳಿದರು, "ಇದು ಹಿಡ್ಕೊಳ್ಳೂಕಲ್ಲ ಅಕ್ಕೋರೆ. ಧೈರ್ಯಕ್ಕೆ."

೪. ಅಗಸೂರಿನ ಭಾವ

ಇನ್ನು ಆಗುವುದಿಲ್ಲ, ಇವರ ಹೆಸರು ಕೊಟ್ಟವರನ್ನೇ ಕೇಳೋಣ ಎಂದು ಭಾನುವಾರ ಬೈಕಿನಲ್ಲಿ ಅಗಸೂರಿಗೆ ಹೊರಟೆವು. ದಾರಿಯುದ್ದಕ್ಕೂ ನಾನು ಭಾವನಿಗೆ ಏನೇನು ಹೇಳಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ನಮ್ಮವರು ಹೆಲ್ಮೆಟ್ಟಿನ ಒಳಗಿಂದ, "ಸಂಬಂಧ ಹಾಳು ಮಾಡ್ಬೇಡ," ಎಂದು ಹೇಳುತ್ತಲೇ ಇದ್ದರು.

ಭಾವ ಮತ್ತು ನಾವು ಅಕ್ಕ ಎಂದು ಕರೆಯುವ ಅವರ ಹೆಂಡತಿ ಬಹಳ ಪ್ರೀತಿಯಿಂದ ಬರಮಾಡಿಕೊಂಡರು. ಇಷ್ಟು ಅಕ್ಕರೆ ಮದುವೆಯಲ್ಲೂ ಕಂಡಿರಲಿಲ್ಲ. ನಾನು ಹೊಸ ಮಾಳಿಗೆಯ ಕೋಣೆಯಲ್ಲಿ ಒಂದು ಕುರ್ಚಿಯಲ್ಲಿ ಕೂರಲು ಹೋದೆ.

"ಅಲ್ಲಿ ಬೇಡ, ಈಚೆ ಬನ್ನಿ," ಎಂದರು ಅಕ್ಕ.

ನಮ್ಮವರು ಕಿಟಕಿಯ ಹತ್ತಿರ ನಿಂತರು.

"ಅಲ್ಲೂ ಬೇಡ," ಎಂದರು ಭಾವ.

ಕೊನೆಗೆ ನಾಲ್ಕೂ ಜನ ಕೋಣೆಯ ಒಂದೇ ಮೂಲೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತೆವು. ಇಷ್ಟು ದೊಡ್ಡ ಕೋಣೆ, ಉಳಿದದ್ದೆಲ್ಲ ಖಾಲಿ. ಚಹಾ ಕುಡಿಯುತ್ತಿರುವಾಗ ಆಚೆ ಕಡೆ ಧೊಪ್ಪನೆ ಸದ್ದಾಯಿತು. ನಾನು ಕೂರಲು ಹೊರಟಿದ್ದ ಕುರ್ಚಿಯ ಮೇಲೆ ಅಂಗೈ ಅಗಲದ ಪ್ಲಾಸ್ಟರ್ ಹೆಂಟೆ ಬಿದ್ದಿತ್ತು. ತಲೆಯೆತ್ತಿ ನೋಡಿದರೆ ಸ್ಲ್ಯಾಬಿನ ಕಬ್ಬಿಣ ಕಾಣುತ್ತಿತ್ತು.

ಭಾವ ಬಿಸ್ಕತ್ತಿನ ತಟ್ಟೆ ಮುಂದೆ ತಳ್ಳಿದರು. ನನಗೆ ತಡೆಯಲಾಗಲಿಲ್ಲ.

"ಭಾವ, ನಿಮ್ಮನೆಯಲ್ಲಿ ಹೀಗಾಗಿದ್ದರೂ ಅವರನ್ನು ನಮಗ್ಯಾಕೆ ಹೇಳಿದ್ರಿ?"

ಭಾವ ನಮ್ಮವರ ಮುಖ ನೋಡಿದರು, ಆಮೇಲೆ ತಮ್ಮ ಚಹಾ ನೋಡಿದರು. "ಎಂತ ಮಾಡೂದು ತಂಗಿ. ಕೆಲ್ಸ ಅರ್ಧಕ್ಕೆ ಬಿಟ್ಟು ಹೋದ ಮನುಷ್ಯ, ಫೋನ್ ಎತ್ತೂದಿಲ್ಲ. ಅಂಕೋಲೆ ಪೇಟೆಯೆಲ್ಲ ಹುಡುಕಿದೆ. ನಿಮ್ಮಲ್ಲಿ ಕೆಲ್ಸಕ್ಕೆ ಹಚ್ಚಿದ್ರೆ ಎಲ್ಲಿದ್ದಾನೆ ಅಂತಾದ್ರೂ ಗೊತ್ತಿರ್ತದಲ್ಲಾ ಅಂತ ಹೇಳಿದೆ."

ಅಕ್ಕ ನನ್ನ ಕೈ ಹಿಡಿದುಕೊಂಡು, ಕಳಕಳಿಯಿಂದ ಹೇಳಿದರು, "ನಿಮ್ದು ಬೇಗ ಮುಗಿಸಿ ಕಳಿಸಿಕೊಡಿ, ಹಾಂ?"

೫. ನಲ್ಲಿ

ಹಿಡಿಕೆಗೆ ಚಿರೆಕಲ್ಲಿನ ತನಕ ತೂತು ಕೊರೆಸಿ ಸ್ಕ್ರೂ ಹಾಕಿಸಿದೆ. ನಾನೇ ಅದಕ್ಕೆ ಜೋತುಬಿದ್ದು ನೋಡಿದೆ. ನಮ್ಮವರನ್ನೂ ಜೋತುಬೀಳಿಸಿದೆ. ಅಲುಗಲಿಲ್ಲ. ಆ ವಾರಾಂತ್ಯ ಅತ್ತೆ ಬರುವುದೆಂದು ನಿಶ್ಚಯವಾಯಿತು. ಉಳಿದದ್ದು ಗೀಸರು, ಬಾಗಿಲು ಎರಡೇ. ಗೀಸರನ್ನು ಕಾಂಟ್ರಾಕ್ಟರರ ಇಲೆಕ್ಟ್ರಿಶಿಯನ್ ಬಂದು ಹಾಕಿ ಹೋದ.

ಬೆಳಿಗ್ಗೆ ಗೀಸರು ಹಚ್ಚಿ, ನೀರು ಬಿಸಿಯಾಯಿತೇ ಎಂದು ನಲ್ಲಿಗೆ ಕೈಯಿಟ್ಟೆ. ಮೊಣಕೈ ತನಕ ಝುಮ್ ಎಂದಿತು. ಹಿಂದಕ್ಕೆ ಹಾರಿ ಗೋಡೆಗೆ ಬಡಿದುಕೊಂಡೆ. ಆಮೇಲೆ ಓಡಿಹೋಗಿ ಮೇನ್ ಸ್ವಿಚ್ಚು ಇಳಿಸಿದೆ. ಅತ್ತೆ ಆ ನಲ್ಲಿಯನ್ನು ಒದ್ದೆ ಕೈಯಲ್ಲಿ ಹಿಡಿಯುತ್ತಿದ್ದರು. ಇನ್ನೊಂದು ಕೈ ಸ್ಟೀಲಿನ ಹಿಡಿಕೆಯ ಮೇಲೆ ಇರುತ್ತಿತ್ತು.

ಫೋನಿನಲ್ಲಿ ಕಾಂಟ್ರಾಕ್ಟರರು, "ಸ್ವಲ್ಪ ಚುಮುಚುಮು ಅಂತದೆ ಅಕ್ಕೋರೆ, ಹೊಸದ್ರಲ್ಲಿ ಹಾಗೇ. ರಬ್ಬರ್ ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡೂಕೆ ಹೇಳಿ," ಎಂದರು.

ನಾನು ಆವತ್ತು ಶಾಲೆಗೆ ಹೋಗಲಿಲ್ಲ. ಜಗುಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತೆ. "ನೀವು ಬರುವ ತನಕ ಇಲ್ಲಿಂದ ಏಳುವುದಿಲ್ಲ," ಎಂದು ಮೆಸೇಜ್ ಹಾಕಿದೆ. ನಮ್ಮವರೂ ರಜೆ ಹಾಕಿ ನನ್ನ ಪಕ್ಕ ಕೂತರು. ಮಧ್ಯಾಹ್ನ ದಾಟಿದ ಮೇಲೆ ಕಾಂಟ್ರಾಕ್ಟರರು ಬಂದರು. ಬರುತ್ತಲೇ, "ನಾ ನೋಡ್ದೆ ಅಕ್ಕೋರೆ, ಎಂತದೂ ಇಲ್ಲ," ಎಂದರು. ಇನ್ನೂ ಒಳಗೇ ಹೋಗಿರಲಿಲ್ಲ.

ನಾನು ಅವರನ್ನು ಬಚ್ಚಲಿಗೆ ಕರೆದುಕೊಂಡು ಹೋದೆ. ಮಾತು ತಣ್ಣಗೇ ಆಡಿದೆ. ಶಾಲೆಯಲ್ಲಿ ನಾನು ತಣ್ಣಗೆ ಮಾತಾಡಿದರೆ ಮಕ್ಕಳು ಹೆದರುತ್ತಾರೆ.

"ಎಂತದೂ ಇಲ್ಲ ಅಂತೀರಿ."

"ಎಂತದೂ ಇಲ್ಲ."

"ಸರಿ. ನಮ್ಮವರು ಮೇನ್ ಹಾಕ್ತಾರೆ. ನೀವು ಆ ನಲ್ಲಿ ತಿರುಗಿಸಿ ಒಮ್ಮೆ ಕೈ ತೊಳೆದುಕೊಳ್ಳಿ. ನಾನು ನೋಡ್ತೇನೆ."

ಅವರು ನಲ್ಲಿ ನೋಡಿದರು. ನನ್ನನ್ನು ನೋಡಿದರು. ಮೇನ್ ಸ್ವಿಚ್ಚಿನ ಹತ್ತಿರ ಕೈಯೆತ್ತಿ ನಿಂತಿದ್ದ ನಮ್ಮವರನ್ನು ನೋಡಿದರು. ನಿಧಾನಕ್ಕೆ ಎರಡೂ ಕೈಗಳನ್ನು ಪ್ಯಾಂಟಿನ ಕಿಸೆಯಲ್ಲಿ ಇಟ್ಟುಕೊಂಡರು.

"ನಾ ಈಗಷ್ಟೇ ಕೈ ತೊಳ್ಕೊಂಡು ಬಂದೆ," ಎಂದರು.

೬. ಬಾಗಿಲು

ಈಗ ಆ ಬಚ್ಚಲು ಸರಿಯಾಗಿದೆ. ಅತ್ತೆ ಯಾರನ್ನೂ ಕರೆಯದೆ ತಾವೇ ಹೋಗಿ ಸ್ನಾನ ಮಾಡಿ ಬರುತ್ತಾರೆ. ಹಾಗಾಗಿಯೇ ಇದನ್ನು ಹೇಳಲು ನನಗೆ ಬಾಯಿ ಬರುತ್ತದೆ.

ಹಣಕೋಣದಿಂದ ಬೇರೆ ಇಲೆಕ್ಟ್ರಿಶಿಯನ್ನನ್ನು ಕರೆಸಿದೆವು. ಅರ್ಥಿಂಗ್ ತಂತಿ ಗೋಡೆಯೊಳಗೆ ಹೊಕ್ಕು ಅಲ್ಲೇ ಮುಗಿದುಹೋಗಿತ್ತು, ಯಾವುದಕ್ಕೂ ಜೋಡಿಸಿರಲಿಲ್ಲ. ಆತ ಎಲ್ಲ ಬಿಚ್ಚಿ ಹೊಸದಾಗಿ ಎಳೆದುಕೊಟ್ಟ. ಶನಿವಾರ ಬೆಳಿಗ್ಗೆ ಕಾಂಟ್ರಾಕ್ಟರರ ಬಡಗಿ ಚೌಕಟ್ಟು ಸಮೇತ ಬಾಗಿಲು ತಂದು ನಿಲ್ಲಿಸಿದ, ಗವಂಡಿ ಸುತ್ತ ಸಿಮೆಂಟು ಬಳಿದ. ಸಂಜೆ ಅತ್ತೆ ಕಾರಿನಿಂದ ಇಳಿದರು.

ವಾಕರ್ ಹಿಡಿದು, ಒಂದೊಂದೇ ಹೆಜ್ಜೆ ಇಟ್ಟು, ತಮ್ಮ ಕೋಣೆಗೆ ಬಂದು ಮಂಚದ ಮೇಲೆ ಕೂತರು. ಬಹಳ ಸೊರಗಿದ್ದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅಷ್ಟರಲ್ಲಿ ಕಾಂಟ್ರಾಕ್ಟರರು ಪೇಡೆ ಡಬ್ಬಿ ಹಿಡಿದುಕೊಂಡು ಬಂದರು.

"ಅಮ್ಮಾ, ನಿಮ್ಮ ಬಚ್ಚಲು. ನಾನೇ ತೋರಿಸ್ತೆ ಅಂತ ಬಂದೆ. ಬಾಗಿಲು ನೋಡಿ, ಒಳಗಿಂದ ಹಾಕ್ಕೊಂಡ್ರೆ ಹೊರಗೆ ಒಂದು ಸಪ್ಪಳ ಕೇಳೂದಿಲ್ಲ." ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಲಾಕ್ ಬಿದ್ದದ್ದು ಕೇಳಿಸಿತು.

ನಾವು ಕಾದೆವು. ನಿಜವಾಗಿಯೂ ಒಂದು ಸಪ್ಪಳ ಇಲ್ಲ.

"ಹೌದು, ಕೇಳೂದಿಲ್ಲ," ಎಂದರು ಅತ್ತೆ.

ಇನ್ನೂ ಸ್ವಲ್ಪ ಹೊತ್ತಾಯಿತು. ಆಮೇಲೆ ಒಳಗಿಂದ ಮೆಲ್ಲಗೆ ಬಾಗಿಲು ತಟ್ಟಿದ ಸದ್ದು.

"ಅಕ್ಕೋರೆ," ದನಿ ಸಣ್ಣದಾಗಿತ್ತು, "ಹ್ಯಾಂಡಲ್ ನನ್ನ ಕೈಯಲ್ಲಿ ಅದೆ."

ನಾನು ಹೊರಗಿನ ಹ್ಯಾಂಡಲ್ ತಿರುಗಿಸಿದೆ. ಅದೂ ಸುಮ್ಮನೆ ಸುತ್ತಿತು. ನಮ್ಮವರು ಚಾಕು, ಸ್ಕ್ರೂಡ್ರೈವರ್, ಅಡುಗೆಮನೆಯ ಸೌಟಿನ ಹಿಡಿ, ಏನೇನೋ ತೂರಿಸಿ ನೋಡಿದರು. ಲಾಕ್ ಬಿಡಲಿಲ್ಲ. ಒಳಗೆ ಗಾಳಿಗೆ ಇದ್ದದ್ದು ಮೇಲೆ ಒಂದು ಸಣ್ಣ ಕಿಂಡಿ, ಅದನ್ನೂ ಅವರೇ ಖರ್ಚು ಕಡಿಮೆ ಎಂದು ಸಣ್ಣದು ಮಾಡಿದ್ದು. ಸೆಕೆ ಹೇಳತೀರದು.

"ಅಕ್ಕೋರೆ, ನಂಗೆ ಬಿಪಿ ಅದೆ," ಎಂದಿತು ದನಿ.

ಇಷ್ಟು ದಿನ ಈ ಮನುಷ್ಯನನ್ನು ಮನಸ್ಸಿನಲ್ಲಿ ಏನೇನು ಬೈದಿದ್ದೆನೋ, ಅವೆಲ್ಲ ಆ ಕ್ಷಣ ನೆನಪಾಗಿ ಹೆದರಿಕೆಯಾಯಿತು. "ಕೆಳಗೆ ಕೂತ್ಕೊಳ್ಳಿ, ಮುಖಕ್ಕೆ ನೀರು ಹಾಕ್ಕೊಳ್ಳಿ, ಈಗ ತೆಗೀತೇವೆ," ಎಂದು ಕೂಗಿದೆ. "ನಿಮ್ಮ ಬಡಗಿಗೆ ಫೋನ್ ಮಾಡಿ."

ಮಾಡಿದರು. ಸ್ಪೀಕರಿನಲ್ಲಿ ಬಡಗಿಯ ಮಾತು ನಮಗೂ ಕೇಳುತ್ತಿತ್ತು.

"ಈಗಷ್ಟೇ ಹೊರಟಿದ್ದೆ. ದಾರೀಲಿದ್ದೆ."

"ದಾರೀಲಿದ್ದೆ ಅನ್ಬೇಡ," ಎಂದರು ಒಳಗಿನಿಂದ ಕಾಂಟ್ರಾಕ್ಟರರು, ಅಳುವ ದನಿಯಲ್ಲಿ. "ಅಂದ್ರೆ ನೀ ಮನೇಲೇ ಇದ್ದೀಯ. ನಾನೂ ಹಾಗೇ ಹೇಳೂದು."

ಫೋನ್ ಕಟ್ಟಾಯಿತು. ಒಳಗೆ ಜೋರಾಗಿ ಉಸಿರೆಳೆಯುವುದು ಕೇಳಿತು. "ಒಡೀರಿ," ಎಂದರು. "ನಾನೇ ಹೇಳ್ತೆ. ಬಾಗಿಲು ಒಡೀರಿ."

ನಮ್ಮವರು ನನ್ನ ಮುಖ ನೋಡಿದರು. ನಾನು ಅತ್ತೆಯನ್ನು ಮಂಚದ ಆಚೆ ತುದಿಗೆ ಸರಿಸಿ ಅವರ ಮುಂದೆ ನಿಂತೆ. ನಮ್ಮವರು ಬಾಗಿಲಿಗೆ, "ಸ್ವಲ್ಪ ಹಿಂದೆ ಹೋಗಿ," ಎಂದು ಮರ್ಯಾದೆಯಿಂದ ಹೇಳಿ, ಭುಜ ಕೊಟ್ಟು ಒಮ್ಮೆ ದೂಡಿದರು. ಏನೂ ಆಗಲಿಲ್ಲ. ಹಿಂದೆ ಸರಿದರು. ಆರು ತಿಂಗಳು ನುಂಗಿಕೊಂಡದ್ದೆಲ್ಲ ಆ ಹೊತ್ತಿಗೆ ಮೇಲೆ ಬಂತೋ ಏನೋ, ಎರಡನೆಯ ಸಲ ಓಡಿಬಂದು ಗುದ್ದಿದರು.

ಬಾಗಿಲು ತೆರೆಯಲಿಲ್ಲ. ಚೌಕಟ್ಟು ಸಮೇತ, ಲಾಕ್ ಸಮೇತ, ಹಾಗೇ ಇಡಿಯಾಗಿ ಗೋಡೆಯಿಂದ ಬಿಟ್ಟುಕೊಂಡು ಒಳಗಿನ ಗೋಡೆಗೆ ಹೋಗಿ ಒರಗಿತು. ಸುತ್ತ ಬಳಿದ ಸಿಮೆಂಟು ಹಿಟ್ಟಿನ ಹಾಗೆ ಉದುರಿತು. ಧೂಳು ಇಳಿಯುವ ತನಕ ಏನೂ ಕಾಣಲಿಲ್ಲ.

ಕಮೋಡಿನ ಪಕ್ಕದಿಂದ ಕಾಂಟ್ರಾಕ್ಟರರು ಎದ್ದುಬಂದರು. ತಲೆಯಿಂದ ಕಾಲಿನ ತನಕ ಬೆಳ್ಳಗೆ, ಕೈಯಲ್ಲಿ ಹ್ಯಾಂಡಲ್. ಮೈಗೆ ಒಂದು ಗೀರೂ ಆಗಿರಲಿಲ್ಲ. ನಮ್ಮವರು ಅವರಿಗೆ, "ಸಾರಿ," ಎಂದರು. ಅವರು ನಮ್ಮನ್ನು ನೋಡಲಿಲ್ಲ. ಒರಗಿ ನಿಂತ ಬಾಗಿಲನ್ನೇ ಮೇಲಿಂದ ಕೆಳಗೆ ನೋಡಿದರು, ಅಂಗೈಯಿಂದ ತಟ್ಟಿದರು. ಮುಖ ಅರಳಿತು.

"ನೋಡಿದ್ರಾ ಅಮ್ಮಾ," ಎಂದರು. "ಬಾಗಿಲು ಒಂದು ಚೂರೂ ಅಲುಗಲಿಲ್ಲ. ಲಾಕ್ ಇನ್ನೂ ಹಾಗೇ ಅದೆ."

ಅತ್ತೆ ವಾಕರ್ ಹಿಡಿದು ಎದ್ದು, ಆ ದೊಡ್ಡ ತೂತಿನ ತನಕ ನಿಧಾನವಾಗಿ ನಡೆದು ಬಂದರು. ಒಳಗೆ ಬಗ್ಗಿ ನೋಡಿದರು.

"ಹೌದು ತಮ್ಮಾ," ಎಂದರು. "ಬಾಗಿಲು ಗಟ್ಟಿ ಅದೆ. ಇನ್ನು ಅದಕ್ಕೊಂದು ಗೋಡೆ ಕಟ್ಟು."